ಜೇಡಗಳ ಪುಸ್ತಕ ಬಿಡುಗಡೆಯ ದಿನ

ಸಭೆಯ ಅಧ್ಯಕ್ಷರೇ, ಪುಸ್ತಕ ಬಿಡುಗಡೆಗೆಂದು ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರೇ, ಜೇಡ ಎಂದರೆ ಮೈ ಜುಮ್ಮೆನ್ನುತ್ತಿದ್ದರೂ ಧೈರ್ಯ ಮಾಡಿ ಬಂದಿರುವ ಸಭಿಕರೇ,

ಅಧ್ಯಕ್ಷರು ಈ ಹೂಗುಚ್ಛವನ್ನು ನನ್ನ ಕೈಗೆ ಕೊಟ್ಟು, 'ಹಳೆಯ ಚಿತ್ರಗಳನ್ನು ಒಂದು ಕಲೆಯೂ ಉಳಿಯದಂತೆ ಸ್ವಚ್ಛ ಮಾಡಿದವರು' ಎಂದು ಹೊಗಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಲೆ ತಗ್ಗಿಸಿ ನಿಂತದ್ದನ್ನು ವಿನಯ ಎಂದುಕೊಂಡಿರಿ. ಅಷ್ಟು ವಿನಯ ನನ್ನಲ್ಲಿಲ್ಲ.

ನಮ್ಮ ಗ್ರಂಥಾಲಯದ ಆ ದೊಡ್ಡ ಪುಸ್ತಕವನ್ನು ನೀವು ನೋಡಿದ್ದೀರಿ. ದೂರದ ಕಾಡುಗಳ ಜೇಡಗಳನ್ನು ಯಾರೋ ಪುಣ್ಯಾತ್ಮರು ತಾಮ್ರದ ತಗಡಿನ ಮೇಲೆ ಸೂಜಿಯಿಂದ ಕೊರೆದು, ಅಚ್ಚು ಹಾಕಿ, ಕೈಯಲ್ಲೇ ಬಣ್ಣ ತುಂಬಿದ್ದಾರೆ. ಕೆಂಪು ಕಾಲಿನವು, ಹೊಟ್ಟೆಯ ಮೇಲೆ ಮುಳ್ಳಿರುವವು, ಅಂಗೈಯಗಲದವು. ಕಾಗದಕ್ಕೆ ಮಾತ್ರ ವಯಸ್ಸಾಗಿತ್ತು. ಎಲ್ಲೆಲ್ಲೂ ಕಲೆ, ಗೀರು. ಅವನ್ನು ಕಂಪ್ಯೂಟರಿನಲ್ಲಿ ಅಳಿಸಿ ಹೊಸ ಮುದ್ರಣಕ್ಕೆ ಸಿದ್ಧ ಮಾಡುವ ಕೆಲಸ ನನಗೆ ಬಂತು. ನನಗಲ್ಲದೆ ಇನ್ಯಾರಿಗೆ ಕೊಡುತ್ತಾರೆ? ಜನ ಊಟ ಮುಗಿಸಿ ಏಳುವ ಮೊದಲೇ ಮೇಜು ಒರೆಸುವವನು ನಾನು.

ಅಮ್ಮ ತೀರಿಕೊಂಡಾಗ ಅವಳ ಫೋಟೊವನ್ನೂ ನಾನೇ ತಿದ್ದಿದೆ. ಮುಖದ ಮೇಲಿನ ಸಿಡುಬಿನ ಕಲೆಗಳನ್ನೆಲ್ಲ ತೆಗೆದು ನುಣ್ಣಗೆ ಮಾಡಿದೆ. ಅಪ್ಪ ಬಹಳ ಹೊತ್ತು ನೋಡಿ, 'ಚೆನ್ನಾಗಿದಾರೆ. ಯಾರಿದು?' ಅಂದರು. ಇದನ್ನು ನಾನು ತಮಾಷೆ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಇವತ್ತು ಯಾಕೋ ನಗು ಬರುತ್ತಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಹೊಸ ಪುಸ್ತಕದ ಮೊದಲ ಪ್ರತಿ ಮನೆಗೆ ಬಂತು. ಹಾಳೆ ತಿರುವುತ್ತಿದ್ದ ಹೆಂಡತಿ ಕೇಳಿದಳು: 'ಅಲ್ಲಾ ರೀ, ಇವೆಲ್ಲ ಯಾಕೆ ಗಾಳೀಲಿ ನಿಂತಿವೆ? ಬಲೆ ಎಲ್ಲಿ?' 'ನಿನಗೇನು ಗೊತ್ತಾಗುತ್ತೆ' ಎಂದು ಗದರಿದೆ. ಆದರೂ ಇಲ್ಲಿಗೆ, ಈ ಗ್ರಂಥಾಲಯಕ್ಕೆ, ಓಡಿ ಬಂದು ಮೂಲ ಚಿತ್ರಗಳಿಗೆ ಭೂತಗನ್ನಡಿ ಹಿಡಿದೆ. ನಾನು ಗೀರು ಎಂದು ಅಳಿಸಿದ್ದೆಲ್ಲ ಬಲೆಯ ಎಳೆಗಳು. ಕೂದಲಿಗಿಂತ ಸಣ್ಣ ಎಳೆಗಳು, ಒಂದೊಂದೂ ಹೋಗಿ ಜೇಡದ ಕಾಲಿಗೇ ಸೇರುತ್ತಿದ್ದವು. ಆಗ ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಇದು ಯಾರಿಗೂ ಗೊತ್ತಾಗುವುದಿಲ್ಲ ಎಂದು.

ಹೊಸ ಪುಸ್ತಕದಲ್ಲಿ ಚಿತ್ರಗಳ ಜೊತೆಗಿರುವ ಬರಹ ನಮ್ಮ ಮೇಷ್ಟ್ರದ್ದು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಆ ಚಿತ್ರಗಳ ಮುಂದೆ ವರ್ಷಗಟ್ಟಲೆ ಕೂತು ಬರೆದದ್ದು. ಪುಟಪುಟದಲ್ಲೂ 'ಎದುರಿನ ಚಿತ್ರದಲ್ಲಿ ಬಲೆಯ ಹೆಣಿಗೆಯನ್ನು ಗಮನಿಸಿ' ಎನ್ನುತ್ತಾರೆ. ಈಗ ಅವರಿಗೆ ಕಣ್ಣು ಕಾಣಿಸುವುದಿಲ್ಲ. ಈ ಸಂಜೆ ನಾನೇ ಕೈ ಹಿಡಿದು ಅವರನ್ನು ಮೆಟ್ಟಿಲು ಹತ್ತಿಸಿದೆ. 'ಬಲೆಗಳು ಹೇಗೆ ಬಂದಿವೆಯಪ್ಪಾ?' ಎಂದು ಕೇಳಿದರು. 'ಬಹಳ ಚೆನ್ನಾಗಿ ಬಂದಿವೆ ಮೇಷ್ಟ್ರೇ' ಅಂದೆ. ಅವರು ಸಂತೋಷದಿಂದ ನನ್ನ ಕೈಯನ್ನು ಒತ್ತಿದರು.

ಆಗಿನಿಂದ ಈ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ನಾಚಿಕೆಯಾಗುತ್ತಿದೆ. ಇಷ್ಟು ಜನರ ಮುಂದೆ ಹೇಳುವುದಕ್ಕೂ ನಾಚಿಕೆ, ಹೇಳದೆ ಕೂರುವುದಕ್ಕೂ ನಾಚಿಕೆ.

ಮುಖ್ಯ ಅತಿಥಿಗಳೇ, ದಯವಿಟ್ಟು ಕತ್ತರಿ ಕೆಳಗಿಡಿ. ಹೊಸ ಪುಸ್ತಕಗಳ ಆ ಕಟ್ಟನ್ನು ಇವತ್ತು ಬಿಚ್ಚುವುದು ಬೇಡ. ಅಧ್ಯಕ್ಷರನ್ನು ಕೇಳದೆ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಅಳಿಸಿದ್ದನ್ನೆಲ್ಲ ಮತ್ತೆ ಮೂಲದಿಂದ ತೆಗೆದು ಕೂರಿಸುತ್ತೇನೆ, ಎಷ್ಟು ಕಾಲ ಹಿಡಿದರೂ ಸರಿ.

ಮೇಷ್ಟ್ರೇ, ಮೆಟ್ಟಿಲ ಮೇಲೆ ನಾನು ಹೇಳಿದ್ದು ಸುಳ್ಳು. ನಿಮ್ಮ ಬಲೆಗಳು ಬಂದಿಲ್ಲ. ಒಂದೂ ಬಂದಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞ. ಚಪ್ಪಾಳೆ ಮಾತ್ರ ಬೇಡ. ನಮಸ್ಕಾರ.