ಕಣ್ಣು ಮುಚ್ಚಿದ್ರೆ ಕಬ್ಬು

ಶ್ರೀರಂಗಪಟ್ಟಣದ ಬಸ್ ಸ್ಟಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಗೆಳೆಯರು ಕೆ.ಆರ್.ಪೇಟೆ ಬಸ್ಸಿಗೆ ಕಾಯುತ್ತಿದ್ದರು.

“ಚರ್ಚಿನ ಗಂಡಸರ ಕೂಟ ಬುಟ್ಬುಡ್ತೀನಿ ಅಂತಿದ್ಯಲ್ಲ, ಯಾಕ್ಲಾ ಚೌರಪ್ಪ?”

“ಪ್ರಾರ್ಥನೇಲಿ ಕಣ್ಣು ಮುಚ್ಚಿದ್ರೆ ದೇವ್ರು ಬರಾಕಿಲ್ಲ ಕಣ್ಲಾ ರಾಯಪ್ಪ, ಗದ್ದೇಲಿರೋ ಕಬ್ಬು ಬತ್ತದೆ. ಬರೀ ನಾಟಕ ಮಾಡ್ತಾವ್ನಿ ಅನ್ನಿಸ್ತಿತ್ತು.”

“ಈಗ?”

“ನಿನ್ನೆ ಕೂಟಕ್ಕೆ ನೀನು ಬರ್ನಿಲ್ಲ. ಪ್ರಾರ್ಥನೆ ಬಗ್ಗೆ ಒಂದ್ ಪುಸ್ತಕ ಎಲ್ರಿಗೂ ಓದೋ ಸರದಿ ನಂದಿತ್ತು. ಅದ್ನ ಬರ್ದಿರೋ ಹಳೇ ಕಾಲದ ಸನ್ಯಾಸಿಗೂ ಪ್ರಾರ್ಥನೆಗೆ ಕೂತ್ರೆ ಮಠದ ಅಡುಗೆಮನೆ ಕಡೀಕೇ ಮನಸು ಓಡ್ತಿತ್ತಂತೆ. ಮನಸ್ನ ಬೈಬ್ಯಾಡ, ಮೆಲ್ಲಗೆ ವಾಪಸ್ ಕರ್ಕೊಂಡು ಬಾ ಅಂತ ಬರ್ದವ್ರೆ. ಅದ್ಕೇ ಕೂಟ ಬುಡಾಕಿಲ್ಲ.”

ಬಸ್ಸು ಬಂತು. ಇಬ್ಬರೂ ಎದ್ದರು. ರಾಯಪ್ಪ ಮೆಲ್ಲಗೆ ಹೇಳಿದ.

“ಕಣ್ಣು ಮುಚ್ಚಿದ್ರೆ ನಂಗೆ ಎಮ್ಮೆ ಬತ್ತದೆ ಕಣ್ಲಾ. ಯಾರ್ಗೂ ಯೋಳಿರ್ನಿಲ್ಲ.”

“ಮುಂದಿನ್ ವಾರ ಅದ್ನೂ ಕರ್ಕೊಂಡು ಬಾ. ಈಗ ಹತ್ತು.”