ಬಲಕ್ಕೆ ಸರಿದವನು

ನಗುದಾದ್ರೆ ಈಗಲೇ ನಕ್ಕು ಮುಗಿಸಿ. ಆಮೇಲೆ ನಗ್ಲಿಕ್ಕೆ ಆಗುದಿಲ್ಲ. ಇದು ಬೆಳ್ಳಾರೆಯಲ್ಲಿ ನಮ್ಮ ನೆರೆಮನೆಯ ಮುಸ್ತಫಾನಿಗೆ ಆದದ್ದು... ಕಳೆದ ಬೇಸಗೆಯಲ್ಲಿ.

ಮುಸ್ತಫಾ ಮೊಬೈಲ್ ರಿಪೇರಿ ಅಂಗಡಿ ಮುಚ್ಚಿ ನಡೆದು ಬರ್ತಿದ್ದ. ತುಂಬ ತಡ ಆಗಿತ್ತು. ಹಳೇ ಬಾವಿಯ ಹತ್ತಿರ ದಾರಿ ಸಪೂರ, ಎರಡೂ ಬದಿ ಒಣಗಿದ ಮುಳಿಹುಲ್ಲು. ಕಿಸೆಯಲ್ಲಿ ತಮ್ಮ ಫಾರಿಸನ ಪೆಟ್ಟಿಗೆ.

ಅದೆಂತ ಪೆಟ್ಟಿಗೆ ಅಂದ್ರೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸಣ್ಣ ವಿಮಾನ ಹಾರಿಸುವವರು ಜೊತೆಗೆ ಇಟ್ಟುಕೊಳ್ಳುದು. ಇಂಥದ್ದೇ ಪೆಟ್ಟಿಗೆ ಇರುವ ಇನ್ನೊಂದು ವಿಮಾನ ಹತ್ತಿರ ಬಂದರೆ ಕೂಗ್ತದೆ. ಯಾವ ದಿಕ್ಕಿಂದ ಬರ್ತದೋ ಆ ದಿಕ್ಕಿನ ದೀಪ ಹೊತ್ತಿಸ್ತದೆ. ಇನ್ನೊಂದು ಪೆಟ್ಟಿಗೆ ಇಲ್ಲದಿದ್ದರೆ ಪಿಟ್ಟೆನ್ನುದಿಲ್ಲ.

ಫಾರಿಸ್ ಗಲ್ಫಿನ ಒಂದು ಕ್ಲಬ್ಬಿನಲ್ಲಿ ಗ್ಲೈಡರ್ ಹಾರಿಸ್ತಿದ್ದ, ಎಂಜಿನ್ ಇಲ್ಲದ ವಿಮಾನ. ಎರಡು ಪೆಟ್ಟಿಗೆ ಇಟ್ಟುಕೊಂಡಿದ್ದ. ಆಕಾಶದಲ್ಲಿ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಒಂದು ಅವನ ಜೊತೆ ಸಮುದ್ರಕ್ಕೆ ಬಿತ್ತು. ದಫನ ಮಾಡ್ಲಿಕ್ಕೆ ಮಯ್ಯತ್ ಸಹ ಸಿಗಲಿಲ್ಲ. ಇನ್ನೊಂದು ಅವನ ಸೂಟ್‌ಕೇಸಿನಲ್ಲಿ ಮನೆಗೆ ಬಂತು.

ಎದುರಿನ ವಿಮಾನದವ ಬದುಕಿದ. ಬದುಕಿದವನ ಮಾತೇ ಮಾತು! ಆಕಾಶದಲ್ಲಿ ಇಬ್ಬರು ಎದುರಾದರೆ ಇಬ್ಬರೂ ತಂತಮ್ಮ ಬಲಕ್ಕೆ ಸರೀಬೇಕು, ಅದು ಅಲ್ಲಿಯ ಕಾನೂನು. "ನಾನು ಬಲಕ್ಕೇ ಸರಿದೆ. ಆ ಹುಡುಗ ಅವನ ಊರಿನ ರಸ್ತೆಯ ಅಭ್ಯಾಸದಲ್ಲಿ ಎಡಕ್ಕೆ ಬಂದು ಗುದ್ದಿದ" ಅಂದನಂತೆ. ಕ್ಲಬ್ಬಿನವರು ಹೌದೆಂದರು. ಊರಿನವರೂ ಹೌದೆಂದರು. ಸತ್ತವನ ಮೇಲೆ ತಪ್ಪು ಹಾಕುದು ಸುಲಭ ಅಲ್ವಾ, ಅವ ಬಂದು ಜಗಳ ಮಾಡುದಿಲ್ಲ.

ಒಪ್ಪದವರು ಒಬ್ಬರೇ, ಅವನ ಉಮ್ಮ ಐಸಮ್ಮ. "ನನ್ನ ಮಗ ಕಲಿತದ್ದನ್ನು ಮರೆಯುವವ ಅಲ್ಲ." ಮುಸ್ತಫಾನಿಗೆ ಉಮ್ಮನ ಮುಖ ನೋಡ್ಲಿಕ್ಕೇ ಆಗ್ತಿರಲಿಲ್ಲ. ಆ ದಿನ ಎಂತ ಅನಿಸಿತೋ, ಪೆಟ್ಟಿಗೆಗೆ ಚಾರ್ಜ್ ಹಾಕಿ, ಆನ್ ಮಾಡಿ, ಕಿಸೆಗೆ ಹಾಕಿಕೊಂಡು ಹೊರಟಿದ್ದ.

ಬಾವಿಯ ಹತ್ತಿರ ಬಂದ...

ಪಿಂಯ್.

ನಿಂತ.

ಪಿಂಯ್... ಪಿಂಯ್...

ತೆಗೆದು ನೋಡಿದರೆ ಮೇಲಿನ ದೀಪ ಕೆಂಪಗೆ ಹೊತ್ತಿದೆ. ಅಂದ್ರೆ ನೇರ ಎದುರಿನಿಂದ. ದಾರಿಯಲ್ಲಿ ನರಪಿಳ್ಳೆ ಇಲ್ಲ. ಸದ್ದು ಮಾತ್ರ ಉಂಟು. ಸುಂಯ್‌‌‌ಯ್‌... ಒಗೆದ ದುಪ್ಪಟಿಯನ್ನು ಗಾಳಿಗೆ ಹಿಡಿದ ಹಾಗೆ. ಪಿಂಯ್ ಪಿಂಯ್ ಪಿಂಯ್... "ಯಾ ಅಲ್ಲಾಹ್!" ಅಂತ ಎಡಕ್ಕೆ ಹಾರಿದ. ಲಾರಿ ಕಂಡರೆ ಎಡಕ್ಕೇ ಹಾರಿ ಅಭ್ಯಾಸವಾದ ಕಾಲು ಅದು.

ದಡ್! ತಣ್ಣಗಿನ ಏನೋ ಒಂದು ಎದೆಗೇ ಬಡಿಯಿತು. ಹುಲ್ಲಿನ ಮೇಲೆ ಮಗುಚಿ ಬಿದ್ದ.

ಮನೆಗೆ ಬಂದು ಪಿಸುಗುಟ್ಟಿದ. "ಉಮ್ಮಾ... ಬಾವಿ ಹತ್ತಿರ... ಏನೋ ಗುದ್ದಿತು."

"ನೀನು ಎತ್ತ ಸರಿದೆ?"

"ಎಡಕ್ಕೆ."

"ಅದು ನೇರ ಬಂದಿದ್ದರೆ ನಿನಗೆ ತಾಗ್ತಿತ್ತಾ? ಅದರ ಎಡಕ್ಕೆ ಹೋಗಿದ್ದರೆ ತಾಗ್ತಿತ್ತಾ?"

ಮುಸ್ತಫಾ ಎರಡು ಅಂಗೈ ಎದುರುಬದುರು ಹಿಡಿದು ಸರಿಸಿ ನೋಡಿದ. ಎರಡೂ ಇಲ್ಲ.

ಬೆಳಿಗ್ಗೆ ಸುದ್ದಿ ಕೇಳಿ ಆಚೆಮನೆಯ ಮಾಯಿಲಪ್ಪ ಓಡಿ ಬಂದ. "ಆ ಪೆಟ್ಟಿಗೆಯನ್ನು ಹೊಳೆಗೆ ಬಿಸಾಡು ಮಾರಾಯ! ಕುಲೆ ಅದು, ಸತ್ತವನ ಪ್ರೇತ."

"ಕುಲೆಯೋ ಜಿನ್ನೋ, ನನಗೆ ಒಂದು ಕೇಳ್ಲಿಕ್ಕುಂಟು ಮಾಯಿಲಪ್ಪಣ್ಣ" ಅಂದರು ಐಸಮ್ಮ. "ಕೇಳದೆ ಬಿಡುದಿಲ್ಲ."

ಆ ರಾತ್ರಿ ಪೆಟ್ಟಿಗೆ ಹಿಡಿದುಕೊಂಡು ದಾರಿಯ ನಟ್ಟನಡುವೆ ಹೋಗಿ ನಿಂತರು. ಮುಸ್ತಫಾ ಹಿಂದೆ.

"ಉಮ್ಮಾ, ಬದಿಗೆ ಬನ್ನಿ..."

"ಯಾಕೆ? ಸರೀಲಿಕ್ಕೆ ಗೊತ್ತಿಲ್ಲ ಅಂತ ಹೇಳಿದ್ದು ಅವನಿಗೆ. ನನಗಲ್ಲ."

ಪಿಂಯ್... ಪಿಂಯ್... ಮೇಲಿನ ದೀಪ. ಸುಂಯ್‌‌‌ಯ್‌... ಹೆಂಗಸು ಕಾಲು ಕದಲಿಸಲಿಲ್ಲ.

"ಬಾ ಮೋನೇ, ಬಾ ಮಗಾ. ನಾನು ಸರಿಯುದಿಲ್ಲ. ನೀನೇ ತೋರಿಸು."

ಪಿಂಯ್ ಪಿಂಯ್ ಪಿಂಯ್... ಇನ್ನೇನು ಬಡಿಯಿತು ಅನ್ನುವಾಗ ಮೇಲಿನ ದೀಪ ಆರಿತು. ಎಡದ ದೀಪ ಹೊತ್ತಿತು. ಎಡಬದಿಯ ಹುಲ್ಲು ಸರಸರ ಬಾಗಿತು. ಉಮ್ಮನ ತಲೆವಸ್ತ್ರದ ಎಡ ತುದಿ ಪಟಪಟ ಹಾರಿತು... ಆಮೇಲೆ ಹಿಂದಿನ ದೀಪ... ಆಮೇಲೆ ಎಂತದೂ ಇಲ್ಲ.

"ನನ್ನ ಎಡ" ಅಂದರು ಐಸಮ್ಮ. "ಅವನ ಬಲ." ಮಗ ಹೋದ ಮೇಲೆ ಅವರು ಬಾಯಿಬಿಟ್ಟು ಅತ್ತದ್ದು ಅವತ್ತೇ.

ಮರುದಿನ ಅಂಗಡಿಯ ಎದುರು ಅಷ್ಟೂ ಜನರ ಮುಂದೆ ಕ್ಲಬ್ಬಿಗೆ ಫೋನ್ ಹಾಕಿಸಿದರು. "ಹೇಳು ಮುಸ್ತಫಾ, ಇಂಗ್ಲಿಷಿನಲ್ಲಿ ಹೇಳು. ನನ್ನ ಮಗ ಬಲಕ್ಕೇ ಸರಿದದ್ದು. ನಂಬಿಕೆ ಇಲ್ಲದಿದ್ದರೆ ಆ ಬದುಕಿದವ ಬರಲಿ, ಬಾವಿ ಹತ್ತಿರ ನಿಲ್ಲಲಿ. ನಾನು ನಿಂತಿದ್ದೇನೆ." ಆಚೆ ಕಡೆಯವರು ಫೋನ್ ಇಟ್ಟರು. ಬೆಳ್ಳಾರೆಯಲ್ಲಿ ಮತ್ತೆ ಯಾರೂ ಫಾರಿಸನದ್ದು ತಪ್ಪು ಅನ್ನಲಿಲ್ಲ. ಅಂದು ನೋಡಲಿ!

ಸುಳ್ಳು ಅಂತೀರಾ? ಒಂದು ಹೇಳ್ಲಿಕ್ಕೆ ಬಿಟ್ಟೆ. ಅದು ಕಡು ಬೇಸಗೆ, ಬಾವಿಯೇ ಬತ್ತಿತ್ತು. ಆ ರಾತ್ರಿ ಮನೆಗೆ ಬಂದು ನೋಡಿದರೆ ಉಮ್ಮನ ತಲೆವಸ್ತ್ರದ ಎಡ ತುದಿ ಚಂಡಿ, ಹಿಂಡಿದರೆ ನೀರು ಇಳಿಯುವಷ್ಟು. ಮುಸ್ತಫಾ ನಾಲಗೆಗೆ ತಾಗಿಸಿ ನೋಡಿದ.

ಉಪ್ಪು.

ಬಲ ತುದಿ ಒಣಗಿಯೇ ಇತ್ತು, ಮಾರಾಯ್ರೆ.