ತರಬೇತಿಗೆ ಹೋದವರು

ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಲಲಿತಾ ಟೀಚರ್ ಬೇಕೆಂದೇನೂ ಕಿವಿಗೊಡಲಿಲ್ಲ. ಕಲ್ಲುಬೆಂಚೇ ಅಷ್ಟು ಚಿಕ್ಕದು. ಪಕ್ಕದಲ್ಲಿ ಪಂಚಾಯ್ತಿ ಅಧ್ಯಕ್ಷೆ ದುರ್ಗಾದೇವಿ, ಅವಳಾಚೆ ತರಬೇತಿ ಕೇಂದ್ರದಲ್ಲಿ ಅಡುಗೆ ಮಾಡುವ ಹುಲಿಗವ್ವ.

“ನಿನ್ನೆ ಅಧ್ಯಕ್ಷೆಯರ ತರಬೇತ್ಯಾಗ ನೀವು ಕಾಣಲಿಲ್ಲಲ್ರಿ?” ಹುಲಿಗವ್ವ ಕೇಳಿದಳು.

“ನಮ್ಮ ಯಜಮಾನ್ರು ಬಂದಿದ್ರಲ್ಲಕ್ಕಾ.”

“ಹೌದ್ರಿ, ಬರೇ ಗಂಡಸರ ಬಂದಿದ್ರು. ಆಫ್ರಿಕಾದಾಗ ಘಾನಾ ಅಂತ ದೇಶ ಐತಂತ, ಅಲ್ಲಿ ಒಬ್ಬಾಕಿದು ಸಿನಿಮಾ ತೋರ್ಸಿದ್ರು. ಉಪ್ಪಿಟ್ಟು ಕೊಡಾಕ ಹೋದಾಕಿ ನಿಂತು ನೋಡಿದೆ.”

“ಏನ್ ಮಾಡ್ಯಾಳಾಕಿ?”

“ಮೀನ ಮಾರಾಕಿ, ಮಂತ್ರಿ ಆದ್ಲು. ಮಿಲಿಟರಿಯವರು ಜೈಲಿಗೆ ಹಾಕಿದ್ರು. ಹೊರಗ ಬಂದು ಮತ್ತ ಎಲೆಕ್ಷನ್‌ಗೆ ನಿಂತು ಗೆದ್ಲು.”

“ಕುರ್ಚಿ ಮ್ಯಾಲ ಆಕೀನ ಕುಂತಿದ್ಲೇನು?”

“ಆಕೀನ ರೀ. ಮೈಕೂ ಆಕಿ ಕೈಯಾಗ.”

“ನಾ ಒಂದ್ ದಿನಾನೂ ಕುಂತಿಲ್ಲಕ್ಕಾ. ಸಹಿ ಮಾಡೂ ಕಾಗದ ಮನಿಗೇ ಬರ್ತಾವು.”

ದುರ್ಗಾದೇವಿ ಹುಲಿಗವ್ವನ ಕಡೆ ತುಸು ಸರಿದಳು.

“ಅದನ್ನ ನೋಡಿ ನಮ್ಮ ಯಜಮಾನ್ರು ಏನಂದ್ರು?”

“ಎಲ್ಲಾರಿಗಿಂತ ಜೋರ ಚಪ್ಪಾಳಿ ಹೊಡದ್ರು ನೋಡ್ರಿ.”

ರಸ್ತೆಯಾಚೆ ಬೈಕಿನ ಹಾರನ್ ಎರಡು ಸಲ ಕೂಗಿತು. “ಲಗೂ ಬಾ, ಸಹಿ ಮಾಡೂದೈತಿ!”

ದುರ್ಗಾದೇವಿ ಸೆರಗು ಸರಿಮಾಡಿಕೊಂಡು ಎದ್ದಳು. ಗಂಡನ ಹಿಂದೆ ಕೂತು, ಅವನು ಕೊಟ್ಟ ಫೈಲನ್ನು ಎದೆಗವಚಿಕೊಂಡು ಹೋದಳು.